ಗುರಿಗೊಂದು ಹಳೆಯ ಪಿಸ್ತೂಲು

ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ‘ನೈನ್‌ಟೀನ್ ಇಲೆವೆನ್’ ಎಂದಷ್ಟೇ ಹೇಳಿದರೆ ಸಾಕು, ಯಾವ ಪಿಸ್ತೂಲು ಎಂದು ಯಾರೂ ಕೇಳುವುದಿಲ್ಲ. ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿ, ಕೋಲ್ಟ್ ಕಂಪನಿ ತಯಾರಿಸಿ, 1911ರ ಮಾರ್ಚ್ 29ರಂದು ಆ ದೇಶದ ಸೇನೆ ಒಪ್ಪಿಕೊಂಡ ಅರೆಸ್ವಯಂಚಾಲಿತ ಪಿಸ್ತೂಲು ಅದು. 1985ರಲ್ಲಿ ಇಟಲಿ ಮೂಲದ ಬೆರೆಟಾ ಅದರ ಜಾಗಕ್ಕೆ ಬಂತು. ಸೇನೆಯಿಂದ ನಿವೃತ್ತಿಯಾದ ಮೇಲೂ ಅದಕ್ಕೆ ಕೆಲಸ ತಪ್ಪಲಿಲ್ಲ. ಹತ್ತಾರು ಕಂಪನಿಗಳು ಅದೇ ನಕ್ಷೆ ಹಿಡಿದು ಇಂದಿಗೂ ಪಿಸ್ತೂಲು ಮಾಡುತ್ತಿವೆ. ಕಾಗದದ ಗುರಿಗೆ ಗುಂಡು ಹೊಡೆಯುವ ಹವ್ಯಾಸಿಗಳು ಕೊಳ್ಳುತ್ತಲೇ ಇದ್ದಾರೆ. ಅದಕ್ಕಿಂತ ಹಗುರವಾದ, ಅಗ್ಗವಾದ, ಹೆಚ್ಚು ಗುಂಡು ಹಿಡಿಸುವ ಪಿಸ್ತೂಲುಗಳು ಅದೇ ಅಂಗಡಿಯ ಅದೇ ಕಪಾಟಿನಲ್ಲಿರುತ್ತವೆ. ಹಾಗಿದ್ದೂ ಗಿರಾಕಿಯ ಕಣ್ಣು ಹಳೆಯದರ ಮೇಲೇ ಬೀಳುವುದೇಕೆ, ಆ ಕಣ್ಣನ್ನು ನಂಬಿ ದುಡ್ಡು ಬಿಚ್ಚಬಹುದೇ ಎಂಬುದು ಇಲ್ಲಿನ ವಿಷಯ.

ಈ ಪಿಸ್ತೂಲು ಗುರಿ ಸ್ಪರ್ಧೆಗೆಂದು ಹುಟ್ಟಿದ್ದಲ್ಲ. 1898ರಲ್ಲಿ ಸ್ಪೇನಿನ ಕೈಯಿಂದ ಫಿಲಿಪೀನ್ಸನ್ನು ಪಡೆದುಕೊಂಡ ಅಮೆರಿಕಕ್ಕೆ ಅಲ್ಲಿನ ದಕ್ಷಿಣ ದ್ವೀಪಗಳ ಮೋರೋ ಜನ ಸುಲಭಕ್ಕೆ ಮಣಿಯಲಿಲ್ಲ. .38 ಕ್ಯಾಲಿಬರಿನ ರಿವಾಲ್ವರಿನ ಗುಂಡು ತಿಂದೂ ಅವರು ಕತ್ತಿ ಬೀಸುತ್ತ ಮೇಲೆ ಬೀಳುತ್ತಾರೆ ಎಂದು ಸೈನಿಕರು ದೂರಿದರು. ಪಿಸ್ತೂಲು ಮಾರುವವರ ಬಾಯಲ್ಲಿ ಈ ಕತೆ ವೀರಗಾಥೆಯಾಗಿ ಬರುತ್ತದೆ. ಆ ದ್ವೀಪಗಳು ಯಾರವು, ನುಗ್ಗಿದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರುವುದಿಲ್ಲ. 1904ರಲ್ಲಿ ಥಾಂಪ್ಸನ್ ಮತ್ತು ಲಾಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ಬಗೆಬಗೆಯ ಗುಂಡುಗಳನ್ನು ಹಾರಿಸಿ ನೋಡಿ, .45 ಅಂಗುಲಕ್ಕಿಂತ ಕಡಿಮೆ ವ್ಯಾಸದ ಗುಂಡು ಸಾಲದೆಂದು ವರದಿ ಕೊಟ್ಟರು. ಆ ಅಳತೆಗೆ ಬ್ರೌನಿಂಗ್ ತೋಟಾವನ್ನೂ ಪಿಸ್ತೂಲನ್ನೂ ಮಾಡಿಕೊಟ್ಟ. 1911ರ ಕೊನೆಯ ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರು. ಮುಟ್ಟಲಾಗದಷ್ಟು ಕಾದಾಗ ನೀರಿನಲ್ಲಿ ಅದ್ದಿ ಮುಂದುವರಿಸಿದರು. ಎದುರಾಳಿ ಸ್ಯಾವೇಜ್ ಪಿಸ್ತೂಲು ಹಲವು ಸಲ ಸಿಕ್ಕಿಹಾಕಿಕೊಂಡಿತು, ಕೋಲ್ಟ್ ಒಮ್ಮೆಯೂ ನಿಲ್ಲಲಿಲ್ಲ.

ಉಕ್ಕಿನ ಈ ಪಿಸ್ತೂಲು ಖಾಲಿಯಿದ್ದಾಗ ಸುಮಾರು 1.1 ಕಿಲೋ ತೂಗುತ್ತದೆ. ನಳಿಗೆ 5 ಅಂಗುಲ. ಹಿಡಿಯೊಳಗೆ ಸೇರುವ ಮ್ಯಾಗಜಿನ್ನಿನಲ್ಲಿ 7 ತೋಟಾ. ಗುಂಡು ಹಾರಿದಾಗ ಮೇಲಿನ ಸ್ಲೈಡೂ ನಳಿಗೆಯೂ ಒಂದಕ್ಕೊಂದು ಕಚ್ಚಿಕೊಂಡೇ ಕೊಂಚ ಹಿಂದೆ ಸರಿಯುತ್ತವೆ. ಗುಂಡು ನಳಿಗೆಯನ್ನು ಬಿಟ್ಟು ಒಳಗಿನ ಒತ್ತಡ ಇಳಿದ ಮೇಲೆ, ನಳಿಗೆಯ ಬುಡದಲ್ಲಿರುವ ಪುಟ್ಟ ಕೊಂಡಿ ಅದನ್ನು ಕೆಳಕ್ಕೆ ಜಗ್ಗಿ ಕಚ್ಚು ಬಿಡಿಸುತ್ತದೆ. ಸ್ಲೈಡು ಒಂಟಿಯಾಗಿ ಹಿಂದಕ್ಕೆ ಓಡಿ, ಸುಟ್ಟ ಕೊಳವೆಯನ್ನು ಹೊರಗೆಸೆದು, ಹ್ಯಾಮರನ್ನು ಹಿಂದಕ್ಕೆ ಮಡಚಿ, ಮರಳುವಾಗ ಹೊಸ ತೋಟಾವನ್ನು ಒಳಗೆ ತಳ್ಳುತ್ತದೆ. ಪ್ರತಿ ಗುಂಡಿಗೂ ಬೆರಳು ಒಮ್ಮೆ ಎಳೆಯಲೇಬೇಕಾದ್ದರಿಂದ ಇದು ಪೂರ್ತಿ ಅಲ್ಲ, ಅರೆಸ್ವಯಂಚಾಲಿತ. ಇಂದಿನ ಬಹುಪಾಲು ಪಿಸ್ತೂಲುಗಳಲ್ಲಿ ಕೊಂಡಿಯ ಕೆಲಸವನ್ನು ಉಕ್ಕಿನ ಒಂದು ಇಳಿಜಾರು ಅಂಚು ಮಾಡುತ್ತದೆ. ನಳಿಗೆಯ ಬಾಲ ತಗ್ಗಿಸಿ ಕಚ್ಚು ಬಿಡಿಸುವ ಮೂಲ ಉಪಾಯ ಮಾತ್ರ ಬ್ರೌನಿಂಗನದೇ.

ಆದರೆ ಗುರಿಕಾರ ಈ ಪಿಸ್ತೂಲಿಗೆ ಮನಸೋಲುವುದು ಕೊಂಡಿಗಲ್ಲ, ಟ್ರಿಗರಿಗೆ. ಬೇರೆ ಪಿಸ್ತೂಲುಗಳಲ್ಲಿ ಟ್ರಿಗರು ಸಾಮಾನ್ಯವಾಗಿ ಒಂದು ಪಿನ್ನಿಗೆ ನೇತುಬಿದ್ದು ಕಮಾನಿನ ಹಾದಿಯಲ್ಲಿ ತೂಗುತ್ತದೆ. ಇಲ್ಲಿ ಅದು ನೇರ ಹಿಂದಕ್ಕೆ ಜಾರುತ್ತದೆ. ಹ್ಯಾಮರು ಮೊದಲೇ ಮಡಚಿ ನಿಂತಿರುವುದರಿಂದ ಬೆರಳಿಗೆ ಉಳಿದ ಕೆಲಸ ಒಂದೇ, ಅದನ್ನು ಹಿಡಿದಿಟ್ಟ ಕಚ್ಚನ್ನು ಬಿಡಿಸುವುದು. ಚೆನ್ನಾಗಿ ಹದ ಮಾಡಿದ ಸ್ಪರ್ಧೆಯ ಪಿಸ್ತೂಲಿನಲ್ಲಿ ಅದಕ್ಕೆ ಮೂರೂವರೆಯಿಂದ ನಾಲ್ಕು ಪೌಂಡಿನಷ್ಟು ಎಳೆತ ಸಾಕು. ಟ್ರಿಗರು ಮೊದಲು ಸಡಿಲವಾಗಿ ಒಂದಿಷ್ಟು ಸರಿದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಒತ್ತಡ ಏರಿಸುತ್ತ ಹೋದರೆ, ಬಿಸಿಲಲ್ಲಿ ಒಣಗಿದ ಹಪ್ಪಳ ಮುರಿದ ಹಾಗೆ ತಟ್ಟನೆ ಬಿಡುತ್ತದೆ. ಎಲ್ಲಿ ಬಿಡುತ್ತದೆ ಎಂಬುದು ಪ್ರತಿ ಸಲವೂ ಒಂದೇ ಆಗಿರುವುದರಿಂದ ಬೆರಳಿಗೆ ಅದರ ಪಾಠ ಬೇಗ ಬರುತ್ತದೆ. ಪ್ಲಾಸ್ಟಿಕ್ ಮೈಯ ಹೊಸ ಪಿಸ್ತೂಲುಗಳ ಟ್ರಿಗರು ರಬ್ಬರಿನಂತೆ ಹಿಗ್ಗಿ ಹಿಗ್ಗಿ ಬಿಡುವುದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ.

ಟ್ರಿಗರಿನ ಗುಣ ಅಂಕಗಳಾಗಿ ಬದಲಾಗುವ ಬಗೆಯನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಹಿಂದಿನ ಮತ್ತು ಮುಂದಿನ ಗುರಿಗುರುತುಗಳ ನಡುವಿನ ಅಂತರ ಈ ಪಿಸ್ತೂಲಿನಲ್ಲಿ ಆರೂವರೆ ಅಂಗುಲದ ಸುಮಾರು. ಟ್ರಿಗರು ಎಳೆಯುವ ಕ್ಷಣದಲ್ಲಿ ಮುಂದಿನ ಗುರುತು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 50 ಗಜದಾಚೆಯ ಕಾಗದದಲ್ಲಿ ಗುಂಡು 27 ಸೆಂಟಿಮೀಟರಿಗೂ ಹೆಚ್ಚು ಆಚೆ ಬೀಳುತ್ತದೆ. ಉಸಿರಾಟ, ನಾಡಿಬಡಿತ, ದಣಿದ ತೋಳು ಇವೆಲ್ಲ ಕೈಯನ್ನು ನಡುಗಿಸುತ್ತಲೇ ಇರುತ್ತವೆ, ಅದನ್ನು ನಿಲ್ಲಿಸಲಾಗದು. ಅದರ ಮೇಲೆ ಬೆರಳೂ ಪಿಸ್ತೂಲನ್ನು ಜಗ್ಗಿದರೆ ಕೆಟ್ಟಿತು. ಇಷ್ಟು ಹಗುರ ಟ್ರಿಗರಿನ ಅಪಾಯವನ್ನು ತಡೆಯಲು ಎರಡು ಕಾವಲುಗಳಿವೆ: ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಒಂದು; ಅಂಗೈ ಒತ್ತದೆ ಟ್ರಿಗರೇ ಸರಿಯದಂತೆ ಹಿಡಿಯ ಬೆನ್ನಿನಲ್ಲಿರುವ ಸೇಫ್ಟಿ ಇನ್ನೊಂದು.

ಈ ಟ್ರಿಗರಿಗೆ ತಕ್ಕ ಆಟವೂ ಅಮೆರಿಕದಲ್ಲಿ ಬೆಳೆಯಿತು. ವಾಡಿಕೆಯಲ್ಲಿ ‘ಬುಲ್ಸ್‌ಐ’ ಎನ್ನುವ ಆ ಸ್ಪರ್ಧೆಯಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿಯಬೇಕು. ನಿಧಾನ ಸುತ್ತಿನಲ್ಲಿ 50 ಗಜದಿಂದ 10 ನಿಮಿಷಕ್ಕೆ 10 ಗುಂಡು. ಆಮೇಲೆ 25 ಗಜದಿಂದ 20 ಸೆಕೆಂಡಿಗೆ 5, ಕೊನೆಗೆ 10 ಸೆಕೆಂಡಿಗೆ 5. ಇಂಥ ಸುತ್ತುಗಳನ್ನೇ ಕೂಡಿಸಿ .22ರಲ್ಲಿ 90 ಗುಂಡು, .32 ಅಥವಾ ಅದಕ್ಕೂ ದಪ್ಪದ, ಕೇಪು ತೋಟಾದ ಬುಡದ ನಡುವಿರುವ ಯಾವುದಾದರೊಂದು ಸೆಂಟರ್‌ಫೈರ್ ಪಿಸ್ತೂಲಿನಲ್ಲಿ 90, .45ರಲ್ಲಿ 90 ಎಂದು ಮೂರು ಸಲ ಮುಗಿಸಿದರೆ 270 ಗುಂಡು, ಗರಿಷ್ಠ 2700 ಅಂಕ. 1974ರಲ್ಲಿ ಹರ್ಶಲ್ ಆಂಡರ್ಸನ್ ಅದರಲ್ಲಿ 2680 ಗಳಿಸಿದ. ಆ ದಾಖಲೆ ದಶಕಗಳ ಕಾಲ ಅಲುಗಾಡಲಿಲ್ಲ. ಓಹಾಯೋ ರಾಜ್ಯದಲ್ಲಿ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಗೆ ರಾಷ್ಟ್ರೀಯ ಸ್ಪರ್ಧೆಗಳು ಬಂದದ್ದು 1907ರಲ್ಲಿ. ಇಂಥ ಕಡೆ 1911 ಉಳಿದುಕೊಂಡದ್ದು ಅಭಿಮಾನದಿಂದ ಮಾತ್ರವಲ್ಲ. ಮೂರನೆಯ ಭಾಗ .45ಕ್ಕೇ ಮೀಸಲು, ಎರಡನೆಯದಕ್ಕೂ ಅದೇ ನಡೆಯುತ್ತದೆ. ಹಾಗಾಗಿ ಹೆಚ್ಚಿನವರು ಒಂದು .22, ಒಂದು .45 ಇಟ್ಟುಕೊಂಡು ಇಡೀ ಸ್ಪರ್ಧೆ ಮುಗಿಸುತ್ತಾರೆ. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಹುಟ್ಟಿದ ಐಪಿಎಸ್‌ಸಿ ಎಂಬ ಓಡುತ್ತ ಹೊಡೆಯುವ ಆಟದಲ್ಲೂ ಹಳೆಯ ನಮೂನೆಗೆಂದೇ ‘ಕ್ಲಾಸಿಕ್’ ವಿಭಾಗವಿದೆ, ಆದರೆ ಅಲ್ಲಿ ಗಡಿಯಾರಕ್ಕೆ ಬೆಲೆ ಹೆಚ್ಚು.

ಹಳೆಯ ನಮೂನೆ ಎಂದಾಕ್ಷಣ ಎಲ್ಲ 1911ಗಳೂ ಒಂದೇ ಗುರಿ ಕೊಡುತ್ತವೆ ಎಂದುಕೊಂಡು ಮೋಸ ಹೋಗುವವರೇ ಹೆಚ್ಚು. ಸೇನೆಗೆ ಬೇಕಿದ್ದದ್ದು ಕೆಸರು ತುಂಬಿದರೂ ನಡೆಯುವ ಪಿಸ್ತೂಲು. ಅದಕ್ಕೆ ಭಾಗಗಳ ನಡುವೆ ಸಡಿಲ ಬೇಕು. ಗುರಿಗೆ ಬೇಕಾದದ್ದು ಅದರ ವಿರುದ್ಧ ಗುಣ. 50 ಗಜದ ಬುಲ್ಸ್‌ಐ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 3.36 ಅಂಗುಲ, ಎಂದರೆ ಎಂಟೂವರೆ ಸೆಂಟಿಮೀಟರ್. ಯಂತ್ರಕ್ಕೆ ಬಿಗಿದು ಹಾರಿಸಿದಾಗಲೂ ಪಿಸ್ತೂಲು ಅಷ್ಟರೊಳಗೆ ಗುಂಡು ಕೂಡಿಸದಿದ್ದರೆ, ಹಿಡಿದವನ ಕೈ ಎಷ್ಟು ಗಟ್ಟಿಯಿದ್ದರೂ ಹತ್ತು ಬರುವುದು ಅದೃಷ್ಟದ ಮಾತು. ಅದಕ್ಕಾಗಿ ಸ್ಪರ್ಧೆಯ ಪಿಸ್ತೂಲಿನಲ್ಲಿ ಸ್ಲೈಡನ್ನು ಚೌಕಟ್ಟಿಗೆ ಹೊಂದುವಂತೆ ಉಜ್ಜಿ ಕೂರಿಸುತ್ತಾರೆ. ನಳಿಗೆಯ ಬಾಯನ್ನು ಸುತ್ತಿ ಹಿಡಿಯುವ ಬುಶಿಂಗನ್ನು ಬಿಗಿ ಮಾಡುತ್ತಾರೆ. ನಳಿಗೆಯ ಬುಡ ಪ್ರತಿ ಸಲ ಅದೇ ಎತ್ತರದಲ್ಲಿ ಕೂರುವಂತೆ ಅರದಿಂದ ತಿದ್ದುತ್ತಾರೆ. ಇದೆಲ್ಲ ಕೈಕೆಲಸ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. 25 ಗಜದ ಆಚೆ ಹೋಗದವನು ಈ ಬಿಗಿಗೆ ದುಡ್ಡು ತೆರಬೇಕಾಗಿಲ್ಲ.

ಕೊಳ್ಳುವವನ ಮುಂದಿರುವ ದಾರಿಗಳು ಇಲ್ಲಿಂದ ಕವಲೊಡೆಯುತ್ತವೆ. ನಿಜವಾದ ಹಳೆಯದೇ ಬೇಕೆನ್ನುವವರಿಗೆ ಸೇನೆಯ ಮಿಗುತಾಯ ಮಾಲಿದೆ. ಎರಡನೆಯ ಮಹಾಯುದ್ಧದಲ್ಲಿ ಇವನ್ನು ತಯಾರಿಸಿದವರಲ್ಲಿ ಟೈಪ್‌ರೈಟರಿಗೆ ಹೆಸರಾದ ರೆಮಿಂಗ್ಟನ್ ರ್‍ಯಾಂಡ್ ಕಂಪನಿಯೂ ಇತ್ತು, ರೈಲ್ವೆ ಸಿಗ್ನಲ್ ಮಾಡುವ ಕಂಪನಿಯೂ ಇತ್ತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಮಾಡಿದ್ದು 500 ಮಾತ್ರ. ಅವು ಈಗ ಸಂಗ್ರಾಹಕರ ತಿಜೋರಿಯಲ್ಲಿವೆ, ರೇಂಜಿಗೆ ಬರುವುದಿಲ್ಲ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್ ಎಂಬ ಸಂಸ್ಥೆ 2018ರಿಂದ ಸೇನೆಯ ಹಳೆಯ 1911ಗಳನ್ನು ಮಾರುತ್ತಿದೆ, ಆರಂಭದಲ್ಲಿ ಅದೂ ಅರ್ಜಿದಾರರಿಗೆ ಲಾಟರಿಯಂತೆ ಸರದಿ ಸಂಖ್ಯೆ ಎತ್ತಿ. ಆಗ ಅವುಗಳ ಬೆಲೆ ದರ್ಜೆಗೆ ತಕ್ಕಂತೆ 850ರಿಂದ 1050 ಡಾಲರ್ ಇತ್ತು. ಇತಿಹಾಸಕ್ಕೆ ಅದು ಹೆಚ್ಚಲ್ಲ. ಗುರಿಗೆ ಮಾತ್ರ ತಪ್ಪು ಆಯ್ಕೆ. ಕಿರಿದಾದ ಹಳೆಯ ಗುರಿಗುರುತು ಕಣ್ಣಿಗೆ ಹಿಡಿಯುವುದಿಲ್ಲ, ಹೊಸದನ್ನು ಕೂರಿಸಲು ಸ್ಲೈಡನ್ನು ಕೊರೆದರೆ ಸಂಗ್ರಾಹಕನ ಬೆಲೆ ಅಲ್ಲಿಗೆ ಮುಗಿಯಿತು. ಎರಡು ಆಸೆಗಳನ್ನು ಒಂದೇ ಪಿಸ್ತೂಲಿನಲ್ಲಿ ತೀರಿಸಿಕೊಳ್ಳಹೋಗಿ ಎರಡನ್ನೂ ಕೆಡಿಸಿಕೊಳ್ಳುವುದು ಈ ಹವ್ಯಾಸದಲ್ಲಿ ಹೊಸದೇನಲ್ಲ.

ಹೊಸದರಲ್ಲಿ ಅಗ್ಗದ ತುದಿಗೆ ಮನಿಲಾ ಪಕ್ಕದ ಮರಿಕಿನಾದ ಆರ್ಮ್‌ಸ್ಕೋರ್ ಕಾರ್ಖಾನೆಯ ಪಿಸ್ತೂಲುಗಳಿವೆ. ಯಾವ ದೇಶವನ್ನು ಮಣಿಸಲೆಂದು ಈ ಗುಂಡಿನ ಅಳತೆ ಗೊತ್ತಾಯಿತೋ ಅದೇ ದೇಶ ಇಂದು ಅದನ್ನು ಅಮೆರಿಕಕ್ಕೆ ರಫ್ತು ಮಾಡುತ್ತಿದೆ. ಮಧ್ಯದ ಬೆಲೆಗೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ಕೋಲ್ಟ್ ಮೊದಲಾದವು. ಮುಚ್ಚಿಹೋದ ಸರ್ಕಾರಿ ಶಸ್ತ್ರಾಗಾರದ ಹೆಸರನ್ನು ಇಟ್ಟುಕೊಂಡು 1974ರಲ್ಲಿ ಶುರುವಾದ ಖಾಸಗಿ ಕಂಪನಿ ಸ್ಪ್ರಿಂಗ್‌ಫೀಲ್ಡ್. ಕೋಲ್ಟ್ 2021ರಿಂದ ಝೆಕ್ ಮಾಲೀಕರ ಕೈಯಲ್ಲಿದೆ. ಮೈಮೇಲಿನ ಹೆಸರು ನೋಡಿ ವಂಶಾವಳಿ ಊಹಿಸಬಾರದು. ಗುರಿಗೆಂದೇ ಕೋಲ್ಟ್ 1957ರಲ್ಲಿ ಗೋಲ್ಡ್ ಕಪ್ ಎಂಬುದನ್ನು ತಂದಿತು. ಇನ್ನು ಲೆಸ್ ಬೇರ್‌ನಂಥವರ ಕೈಗೆಲಸದ ಪಿಸ್ತೂಲುಗಳು ಎರಡು ಸಾವಿರ ಡಾಲರ್ ದಾಟುತ್ತವೆ. ಮಧ್ಯದ ಬೆಲೆಯದನ್ನು ತಂದು, ಒಳ್ಳೆಯ ಬುಶಿಂಗು ಹಾಕಿಸಿ ಟ್ರಿಗರು ಹದ ಮಾಡಿಸುವುದು ಹೆಚ್ಚಿನವರಿಗೆ ಸರಿಹೊಂದುವ ದಾರಿ.

ಆದರೆ ಪಿಸ್ತೂಲಿನ ಬೆಲೆ ಈ ಖರ್ಚಿನಲ್ಲಿ ಚಿಕ್ಕ ಪಾಲು. ಅಂಗಡಿಯಲ್ಲಿ ಒಂದು .45 ತೋಟಾಕ್ಕೆ ಅರ್ಧ ಡಾಲರಿನ ಆಸುಪಾಸು ಹಿಡಿದರೆ, ವಾರಕ್ಕೆ 100 ಹಾರಿಸುವವನಿಗೆ ವರ್ಷಕ್ಕೆ 2600 ಡಾಲರ್ ಬೇಕು. ಮೇಲೆ ಹೇಳಿದ 2700 ಅಂಕದ ಒಂದೇ ಸ್ಪರ್ಧೆಯ ಕೊನೆಯ ಎರಡು ಭಾಗಗಳಿಗೆ .45ರ 180 ತೋಟಾ ಹೋಗುತ್ತವೆ. ಆದ್ದರಿಂದಲೇ ಬುಲ್ಸ್‌ಐ ಆಡುವವರು ತಮ್ಮ ತೋಟಾ ತಾವೇ ತುಂಬಿಕೊಳ್ಳುತ್ತಾರೆ. ಹಾರಿಬಿದ್ದ ಹಿತ್ತಾಳೆ ಕೊಳವೆಗಳನ್ನು ಆಯ್ದು ತೊಳೆದು, ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ಗುಂಡು ಒತ್ತುವ ಕೆಲಸ ಅದು. .45ರ ಒತ್ತಡ ಕಡಿಮೆಯಾದ್ದರಿಂದ ಒಂದೇ ಕೊಳವೆ ಹಲವು ಸಲ ಬಾಳುತ್ತದೆ. ಇನ್ನೊಂದು ಲಾಭ, ಮದ್ದನ್ನು ತಮಗೆ ಬೇಕಾದಂತೆ ಇಳಿಸಿಕೊಳ್ಳಬಹುದು. ಸೇನೆಯ ತೋಟಾದಲ್ಲಿ 230 ಗ್ರೇನಿನ ಗುಂಡು. ಗುರಿಗೆ 185 ಅಥವಾ 200 ಗ್ರೇನಿನ ಚಪ್ಪಟೆ ಮೂತಿಯದು ಸಾಕು, ಕಾಗದದಲ್ಲಿ ತೂತೂ ಗುಂಡಗೆ ಕತ್ತರಿಸಿದಂತೆ ಬೀಳುತ್ತದೆ. ಅಂಥ ಮೆದು ತೋಟಾಕ್ಕೆ ಮೆದು ಸ್ಪ್ರಿಂಗೂ ಹಾಕಬೇಕು, ಇಲ್ಲದಿದ್ದರೆ ಸ್ಲೈಡು ಅರ್ಧ ದಾರಿಯಿಂದಲೇ ಮರಳುತ್ತದೆ. ತುಂಬುವ ಯಂತ್ರ, ತಕ್ಕಡಿ, ಸಂಜೆಗಳು, ಇವುಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದೇ ನಮೂನೆ 9 ಮಿಲಿಮೀಟರಿನಲ್ಲೂ ಸಿಗುತ್ತದೆ. ತೋಟಾ ಬಹುಮಟ್ಟಿಗೆ ಅರ್ಧ ಬೆಲೆಗೆ ಬರುತ್ತದೆ, ಒದೆತ ಕಡಿಮೆ, ಟ್ರಿಗರು ಅದೇ. .45ರ ಸುತ್ತಿನಲ್ಲಿ ಸ್ಪರ್ಧಿಸುವ ಉದ್ದೇಶವಿಲ್ಲದವನಿಗೆ ಇದನ್ನು ಬೇಡವೆನ್ನಲು ಗಟ್ಟಿ ಕಾರಣವಿಲ್ಲ. ಬಿಗಿ ಸಂಪ್ರದಾಯಸ್ಥರು ಮೂಗು ಮುರಿಯುತ್ತಾರೆ, ಅಷ್ಟೇ. ಕಲಿಯುವವನಿಗೆ ಇದಕ್ಕಿಂತಲೂ ಮುಖ್ಯವಾದದ್ದು .22. ಅಗ್ಗದ ಅಭ್ಯಾಸಕ್ಕೆಂದು ಕೋಲ್ಟ್ 1931ರಲ್ಲೇ ‘ಏಸ್’ ಎಂಬ .22 ಪಿಸ್ತೂಲನ್ನು ಇದೇ ಆಕಾರದಲ್ಲಿ ತಂದಿತು. 1937ರ ‘ಸರ್ವಿಸ್ ಮಾಡೆಲ್ ಏಸ್’ನಲ್ಲಿ ಡೇವಿಡ್ ಮಾರ್ಷಲ್ ವಿಲಿಯಮ್ಸ್ ರೂಪಿಸಿದ ತೇಲುವ ಕೋಣೆಯ ಉಪಾಯ ಸೇರಿತು, ಚಿಕ್ಕ ತೋಟಾದ ಒದೆತ ದೊಡ್ಡದರಷ್ಟು ಆಗುವಂತೆ ಅದು ಹಿಗ್ಗಿಸುತ್ತಿತ್ತು. ವಿಲಿಯಮ್ಸ್ ಕೋವಿಯ ಕಸುಬಿನಲ್ಲಿ ಪಳಗಿದ್ದು ಉತ್ತರ ಕೆರೊಲಿನಾದ ಜೈಲಿನ ಕಾರ್ಯಾಗಾರದಲ್ಲಿ, ಕೊಲೆ ಪ್ರಕರಣದ ಕೈದಿಯಾಗಿ. ಈಗ ಅದೇ ಚೌಕಟ್ಟಿನ ಮೇಲೆ ಕೂರಿಸುವ .22 ಸ್ಲೈಡು-ನಳಿಗೆಯ ಜೋಡಿ ಸಿಗುತ್ತದೆ. ಹಿಡಿ ಅದೇ, ಟ್ರಿಗರು ಅದೇ, ತೋಟಾದ ಖರ್ಚು .45ರ ಐದರಲ್ಲೊಂದು ಪಾಲೂ ಇಲ್ಲ. ಅಂಕ ಹೆಚ್ಚಿಸುವುದೊಂದೇ ಆಸೆಯಾದರೆ ಮೊದಲು ಕೊಳ್ಳಬೇಕಾದದ್ದು .22, 1911 ಆಮೇಲೆ ಬರಬಹುದು. ಮೊದಲ ವರ್ಷವೇ .45 ಹಿಡಿದವರಲ್ಲಿ ಹಲವರು ಕಲಿಯುವುದು ಸದ್ದಿಗೂ ಒದೆತಕ್ಕೂ ಮುಂಚಿತವಾಗಿ ಮಣಿಕಟ್ಟು ತಗ್ಗಿಸುವುದನ್ನು. ಆ ಚಟ ಅಂಟಿದರೆ ಬಿಡಿಸುವುದು ಕಷ್ಟ.

ಪಿಸ್ತೂಲು ಕೈಗೆ ಕೂರುತ್ತದೆಯೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲೇ ನೋಡಬೇಕು. ಮೊದಲ ನಮೂನೆಯ ಹ್ಯಾಮರು ಹಿಂದೆ ಸರಿಯುವಾಗ ಹೆಬ್ಬೆರಳು-ತೋರುಬೆರಳ ನಡುವಿನ ಚರ್ಮವನ್ನು ಕಚ್ಚುತ್ತಿತ್ತು. ಟ್ರಿಗರು ಚಿಕ್ಕ ಕೈಗಳಿಗೆ ದೂರವಾಗುತ್ತಿತ್ತು. 1920ರ ದಶಕದಲ್ಲಿ ಬಂದ 1911ಎ1 ನಮೂನೆಯಲ್ಲಿ ಹಿಂಬದಿಯ ಸೇಫ್ಟಿಯ ಬಾಲವನ್ನು ಉದ್ದ ಮಾಡಿದರು, ಟ್ರಿಗರನ್ನು ಗಿಡ್ಡ ಮಾಡಿದರು, ಹಿಡಿಯ ಬೆನ್ನನ್ನು ಉಬ್ಬಿಸಿದರು. ಹೊಸ ಪಿಸ್ತೂಲುಗಳಲ್ಲಿ ಉಬ್ಬಿದ್ದೂ ಸಿಗುತ್ತದೆ, ಚಪ್ಪಟೆಯದೂ ಸಿಗುತ್ತದೆ. ತೂಕದ ವಿಷಯದಲ್ಲಿ ರಾಜಿ ಇಲ್ಲ. ಒಂದು ಕಿಲೋ ಮೀರಿದ ಉಕ್ಕನ್ನು ಒಂದೇ ಕೈಯಲ್ಲಿ ಚಾಚಿ ಹಿಡಿಯುವುದು ತೋಳಿಗೆ ಶ್ರಮ, ಆದರೆ ಒದೆತವನ್ನು ಮೆದು ಮಾಡುವುದೂ ಅದೇ ತೂಕ. ಬುಲ್ಸ್‌ಐನಲ್ಲಿ ಕೆಂಪು ಚುಕ್ಕೆಯ ಗುರಿಸಾಧನಕ್ಕೆ ಅವಕಾಶವಿದೆ. ನಲವತ್ತು ದಾಟಿದ ಕಣ್ಣುಗಳಿಗೆ ಅದು ವರವೇ, ಪಿಸ್ತೂಲಿನ ರೂಪಕ್ಕೆ ಮಾತ್ರ ಹೊಂದುವುದಿಲ್ಲ.

ಅಮೆರಿಕದಲ್ಲಿ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಫೆಡರಲ್ ನಮೂನೆ 4473 ತುಂಬಬೇಕು, ಹಿನ್ನೆಲೆ ತಪಾಸಣೆ ದಾಟಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅಂಗಡಿ ಮಾರಬಹುದಾದ ಮಾದರಿಗಳದೇ ಬೇರೆ ಪಟ್ಟಿಯಿದೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಚ್-1ಬಿ, ವಿದ್ಯಾರ್ಥಿ ಮೊದಲಾದ ತಾತ್ಕಾಲಿಕ ವೀಸಾದವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕಾನೂನಿನ ಪ್ರಕಾರ ಬಂದೂಕು ಹೊಂದುವಂತಿಲ್ಲ. ಗೆಳೆಯನದನ್ನು ರೇಂಜಿನಲ್ಲಿ ಹಿಡಿದರೂ ಅದು ಹೊಂದಿದಂತೆಯೇ. ಗ್ರೀನ್ ಕಾರ್ಡಿನವರಿಗೆ ಈ ಅಡ್ಡಿಯಿಲ್ಲ. ಭಾರತದಲ್ಲಾದರೆ ಪ್ರಶ್ನೆಯೇ ಹುಟ್ಟುವುದಿಲ್ಲ: .45 ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ಸ್ಪರ್ಧಾ ನಿಯಮದ ಸೆಂಟರ್‌ಫೈರ್ ಪಿಸ್ತೂಲೂ 9.65 ಮಿಲಿಮೀಟರಿಗಿಂತ ದಪ್ಪವಿರುವಂತಿಲ್ಲ, .45 ಎಂದರೆ 11 ಮಿಲಿಮೀಟರಿಗೂ ಮೇಲೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಹಿಡಿದದ್ದು ಏರ್ ಪಿಸ್ತೂಲು, ರಿಯೊ ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯಲ್ಲಿ .22. ನಮ್ಮಲ್ಲಿ ಪಿಸ್ತೂಲು ಕಲಿಯುವವರ ದಾರಿ ಸಾಮಾನ್ಯವಾಗಿ ಹೀಗೆಯೇ ಸಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಮ್ಯಾಗಜಿನ್ ತೆಗೆದು, ಸ್ಲೈಡು ಹಿಂದೆಳೆದು ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಬೇಕು. ಸ್ಲೈಡು ಮುಚ್ಚಿ, ತೋಟಾ ಹೊರಬೀಳುವ ಕಿಂಡಿಯಲ್ಲಿ ಕಾಣುವ ನಳಿಗೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಕುಸಿಯಬಾರದು. ಹ್ಯಾಮರು ಮಡಚಿ ಸೇಫ್ಟಿ ಹಾಕಿ, ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ ಟ್ರಿಗರು ಗಟ್ಟಿಯಾಗಿ ಎಳೆದು ಬಿಡಬೇಕು. ಆಮೇಲೆ ಸೇಫ್ಟಿ ತೆಗೆದಾಗ ಹ್ಯಾಮರು ತಾನಾಗಿ ಬಿದ್ದರೆ ಆ ಪಿಸ್ತೂಲು ಬೇಡ. ಟ್ರಿಗರು ಅನುಮಾನ ಬರುವಷ್ಟು ಹಗುರವಾಗಿದ್ದರೆ ಹಿಂದಿನವರು ಯಾರೋ ಕಚ್ಚನ್ನು ಉಜ್ಜಿದ್ದಾರೆಂದೇ ಅರ್ಥ. ಗುಂಡನ್ನು ತಿರುಗಿಸುವ, ನಳಿಗೆಯೊಳಗಿನ ಸುರುಳಿ ಗೀರುಗಳು ಬೆಳಕಿಗೆ ಚೂಪಾಗಿ ಕಾಣಬೇಕು. ತೋಟಾ ಸಿಕ್ಕಿಹಾಕಿಕೊಳ್ಳುವ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಸವೆದ ಮ್ಯಾಗಜಿನ್ನಿಗೋ ಸೋತ ಸ್ಪ್ರಿಂಗಿಗೋ ಹೋಗಿ ನಿಲ್ಲುತ್ತವೆ. ಆದ್ದರಿಂದ ಹೊಸ ರಿಕಾಯ್ಲ್ ಸ್ಪ್ರಿಂಗು ಮತ್ತು ಎರಡು ಒಳ್ಳೆಯ ಮ್ಯಾಗಜಿನ್ನುಗಳ ಬೆಲೆಯನ್ನು ಕಳೆದೇ ಚೌಕಾಸಿಗೆ ಇಳಿಯಬೇಕು.